ಇಪ್ಪತ್ತೆರಡು ಪೌಂಡು ನಾಲ್ಕು ಔನ್ಸು

ಸತ್ತ ಎಮ್ಮೆಗೆ ಸೇರುಗಟ್ಟಲೆ ಹಾಲು ಎಂಬ ಮಾತು ನಮ್ಮಲ್ಲಿದೆ. ಕಣ್ಣೆದುರಿಗೆ ಇಲ್ಲದ ವಸ್ತುವಿಗೆ ಮನುಷ್ಯನ ನಾಲಗೆ ಎಷ್ಟು ಬೇಕಾದರೂ ತೂಕ ಕಟ್ಟಬಲ್ಲುದು. ಎಮ್ಮೆಯ ವಿಷಯದಲ್ಲಿ ದಿಟವಾದ ಈ ಮಾತು ಮೀನಿನ ವಿಷಯದಲ್ಲಿ ಇನ್ನಷ್ಟು ದಿಟ. ಗಾಳ ಹಾಕುವವರ ಸಂಗಡ ಒಂದು ಸಂಜೆ ಕಳೆದವರಿಗೆಲ್ಲ ಇದು ಗೊತ್ತು: ಮೀನು ನೀರಿನಲ್ಲಿ ಬೆಳೆಯುವುದಕ್ಕಿಂತ ಬೇಗ ಹಿಡಿದವನ ಬಾಯಿಯಲ್ಲಿ ಬೆಳೆಯುತ್ತದೆ.

ನಾನು ಗಾಳ ಹಿಡಿದವನಲ್ಲ. ಮೀನು ತಿಂದವನೂ ಅಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನು. ಅಂಥವನಿಗೆ ಅಮೆರಿಕದ ಒಂದು ಮೀನಿನ ತೂಕದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ. ಅಂದು ನಾನು ಗಂಗರ ತಾಮ್ರಶಾಸನಗಳ ವಿಷಯ ಹೇಳುತ್ತಿದ್ದೆ. ರೈಸ್ ಸಾಹೇಬರು ಪ್ರಕಟಿಸಿದ ಆ ಶಾಸನಗಳಲ್ಲಿ ಹಲವನ್ನು ಫ್ಲೀಟ್ ಸಾಹೇಬರು ಕೂಟಶಾಸನಗಳೆಂದು ತಳ್ಳಿಹಾಕಿದ್ದು, ಲಿಪಿ ಆ ಕಾಲದ್ದಲ್ಲ, ತಿಥಿ ವಾರಗಳು ಹೊಂದುವುದಿಲ್ಲ ಎಂದು ಆಕ್ಷೇಪ ಎತ್ತಿದ್ದು, ಆಮೇಲಿನ ವಿದ್ವಾಂಸರು ಅವುಗಳಲ್ಲಿ ಕೆಲವನ್ನು ಮತ್ತೆ ಅಸಲಿ ಎಂದು ಎತ್ತಿಹಿಡಿದದ್ದು — ಎಲ್ಲವನ್ನೂ ವಿವರಿಸಿದೆ. ಆಕೆ ಎದ್ದು ನಿಂತು, "ಸಾರ್, ಒಂದು ಮಾತನ್ನು ನಂಬಬೇಕಾದರೆ ಎಷ್ಟು ಸಾಕ್ಷ್ಯ ಬೇಕು?" ಎಂದು ಕೇಳಿದಳು. "ಸಾಕಾಗುವಷ್ಟು" ಎಂದೆ. ತರಗತಿ ನಕ್ಕಿತು. ಆಕೆ ನಗಲಿಲ್ಲ. ಗಂಟೆ ಹೊಡೆದದ್ದರಿಂದ ನಾನು ಪಾರಾದೆ. ಆದರೆ ಆ ಉತ್ತರ ಉತ್ತರವಲ್ಲವೆಂಬುದು ನನಗೇ ಗೊತ್ತಿತ್ತು. ಆ ದಿನಗಳಲ್ಲಿಯೇ ಈ ಮೀನಿನ ವ್ಯಾಜ್ಯ ನನ್ನ ಕಣ್ಣಿಗೆ ಬಿತ್ತು. ಶಾಸನಗಳ ಜಗಳದಲ್ಲಿ ಇರುವುದೆಲ್ಲವೂ ಇದರಲ್ಲಿಯೂ ಇದೆ ಎಂದು ಕಂಡುದರಿಂದ ಬೆನ್ನು ಹತ್ತಿದೆ.

ಕಥೆ ನಡೆದದ್ದು 1932ರ ಜೂನ್ 2ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಟೆಲ್‌ಫೇರ್ ಕೌಂಟಿಯಲ್ಲಿ. ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟಿನ ಕಾಲ. ಅಮೆರಿಕದ ದಕ್ಷಿಣದ ರೈತನಿಗಂತೂ ಕಡುಕಷ್ಟದ ಕಾಲ. ಜಾರ್ಜ್ ವಾಷಿಂಗ್ಟನ್ ಪೆರಿ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ. ಹೆಸರು ಮಾತ್ರ ದೊಡ್ಡದು. ತಂದೆ ತೀರಿಹೋಗಿದ್ದನು. ತಾಯಿ, ಒಡಹುಟ್ಟಿದವರು, ಹೊಲ — ಎಲ್ಲವೂ ಅವನ ಹೆಗಲ ಮೇಲೆ. ಅಂದು ಮಳೆ ಬಂದು ಹೊಲ ಕೆಸರಾಗಿ ಕೆಲಸಕ್ಕೆ ಬಾರದಂತಾಗಿತ್ತು. ಜಾಕ್ ಪೇಜ್ ಎಂಬ ಗೆಳೆಯನನ್ನು ಕರೆದುಕೊಂಡು ಪೆರಿ ಮಾಂಟ್‌ಗೊಮೆರಿ ಸರೋವರಕ್ಕೆ ಮೀನಿಗೆ ಹೋದನು. ಸರೋವರವೆಂದರೆ ದೊಡ್ಡದೇನಲ್ಲ, ಓಕ್ಮಲ್ಗಿ ನದಿ ತನ್ನ ಪಾತ್ರವನ್ನು ಬದಲಿಸಿ ಹರಿದಾಗ ಹಿಂದೆ ಉಳಿದುಹೋದ ಒಂದು ಬಾಗುಮಡು. ಮನೆಯಲ್ಲಿ ಹಲಗೆ ಜೋಡಿಸಿ ಮಾಡಿಕೊಂಡ ದೋಣಿ. ಇಬ್ಬರಿಗೂ ಸೇರಿ ಒಂದೇ ಗಾಳದ ಕೋಲು. ಮರದಲ್ಲಿ ಮಾಡಿದ, ಕೊಕ್ಕೆ ಸೇರಿಸಿದ ಒಂದೇ ಹುಸಿಮೀನು. ಅದು ಮುರಿದರೆ ಅಂದಿನ ಬೇಟೆ ಮುಗಿಯಿತು.

ನೀರು ಕದಡಿತು, ಪೆರಿ ಗಾಳ ಎಸೆದನು, ಎಳೆದರೆ ಅಲುಗದು. ಮುಳುಗಿದ ಮರದ ಬೊಡ್ಡೆಗೆ ಕೊಕ್ಕೆ ಸಿಕ್ಕಿಕೊಂಡಿತು ಎಂದು ಮೊದಲು ಅವನು ಭಾವಿಸಿದನಂತೆ. ಬೊಡ್ಡೆ ಓಡತೊಡಗಿದ ಮೇಲೆ ಅದು ಮೀನೆಂದು ತಿಳಿಯಿತು. ಹಿಡಿದದ್ದು ಲಾರ್ಜ್‌ಮೌತ್ ಬಾಸ್ ಎಂಬ ಜಾತಿ. ದವಡೆ ಕಣ್ಣಿನ ಹಿಂದಕ್ಕೂ ಹೋಗುವಷ್ಟು ದೊಡ್ಡ ಬಾಯಿಯ ಮೀನು. ಅದನ್ನು ಹೆಲೆನಾ ಎಂಬ ಸಣ್ಣ ಊರಿಗೆ ಒಯ್ದು ಅಂಗಡಿಯವರಿಗೆ ತೋರಿಸಿದರು. 'ಫೀಲ್ಡ್ ಅಂಡ್ ಸ್ಟ್ರೀಮ್' ಎಂಬ ಮಾಸಪತ್ರಿಕೆ ದೊಡ್ಡ ಮೀನು ಹಿಡಿದವರಿಗೆ ಬಹುಮಾನ ಕೊಡುತ್ತದೆ ಎಂದು ಅಲ್ಲಿ ಯಾರೋ ಹೇಳಿದರು. ಊರಿನ ಅಂಚೆಕಚೇರಿಯ ತಕ್ಕಡಿಯಲ್ಲಿ ತೂಗಿದರು ಎಂಬುದು ಕಥೆ. ತೂಕ 22 ಪೌಂಡು 4 ಔನ್ಸು, ಎಂದರೆ ಹತ್ತು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಉದ್ದ 32½ ಅಂಗುಲ. ಹೊಟ್ಟೆಯ ಸುತ್ತಳತೆ 28½ ಅಂಗುಲ.

ಆಮೇಲೆ ಪೆರಿ ಏನು ಮಾಡಿದನು? ಮನೆಗೆ ಒಯ್ದನು. ತಾಯಿ ಅದನ್ನು ಹಸನು ಮಾಡಿ ಒಂದು ಮಗ್ಗುಲನ್ನು ಅಂದಿನ ರಾತ್ರಿಗೆ ಹುರಿದಳು; ಇನ್ನೊಂದು ಮಗ್ಗುಲು ಮರುದಿನಕ್ಕೆ. ಜಗತ್ತಿನ ಅತಿ ದೊಡ್ಡ ಬಾಸ್ ಮೀನು ಹೀಗೆ ಎರಡು ಹೊತ್ತಿನ ಊಟವಾಗಿ ಮುಗಿದುಹೋಯಿತು. ಪತ್ರಿಕೆಯವರು ತೂಕವನ್ನು ಒಪ್ಪಿ ಪೆರಿಗೆ ಮೊದಲ ಬಹುಮಾನ ಕೊಟ್ಟರು: 75 ಡಾಲರ್ ಬೆಲೆಯ ಸಾಮಾನು; ಅದರಲ್ಲಿ ಒಂದು ಬಂದೂಕೂ ಸೇರಿತ್ತು. ಅಲ್ಲಿಯವರೆಗೆ 1923ರಲ್ಲಿ ಫ್ಲಾರಿಡಾದಲ್ಲಿ ಹಿಡಿದ 20 ಪೌಂಡು 2 ಔನ್ಸಿನ ಮೀನು ಎಲ್ಲಕ್ಕಿಂತ ದೊಡ್ಡದೆನಿಸಿತ್ತು. ಪೆರಿಯದು ಅದನ್ನು ಎರಡು ಪೌಂಡಿಗೂ ಮೀರಿ ಹಿಂದೆ ಹಾಕಿತು.

ಪೆರಿ ಇದನ್ನು ದೊಡ್ಡದು ಮಾಡಲಿಲ್ಲ. ಮುಂದೆ ಅವನು ವಿಮಾನ ಹಾರಿಸುವುದನ್ನು ಕಲಿತು, ಅದೇ ರಾಜ್ಯದ ಬ್ರನ್ಸ್‌ವಿಕ್ ಊರಿನಲ್ಲಿ ಅದೇ ಕಸುಬಿನಲ್ಲಿ ನೆಲೆನಿಂತನು. 1974ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಬಳಿ ಅವನ ವಿಮಾನ ಗುಡ್ಡಕ್ಕೆ ಬಡಿದು ಸತ್ತನು. ಅವನ ಮೀನಿನ ಮೇಲೆ ಸಂಶಯಗಳು ಬಲಿತದ್ದು ಮುಖ್ಯವಾಗಿ ಅವನು ಹೋದ ಮೇಲೆ. ಅದು ಸಹಜವೇ. ಬದುಕಿರುವವನು ಎದುರುತ್ತರ ಕೊಟ್ಟಾನೆಂಬ ಅಂಜಿಕೆ ಸತ್ತವನ ವಿಷಯದಲ್ಲಿ ಇರುವುದಿಲ್ಲವಷ್ಟೆ.

ಹಾಗೆಂದು ಸಂಶಯಪಟ್ಟವರನ್ನು ಹೊಟ್ಟೆಕಿಚ್ಚಿನವರೆಂದು ತಳ್ಳಿಬಿಡುವುದು ನ್ಯಾಯವಲ್ಲ. ಅವರ ವಾದವನ್ನು ವಾದವಾಗಿಯೇ ನೋಡೋಣ.

ಮೊದಲನೆಯದು, ಫೋಟೋ ಇಲ್ಲ. ಚರ್ಮದೊಳಗೆ ಹೊಟ್ಟು ತುಂಬಿ ಗೋಡೆಗೆ ನಿಲ್ಲಿಸಿದ ಮೀನೂ ಇಲ್ಲ. ಇದ್ದ ಒಂದೇ ಒಂದು ವಸ್ತುಸಾಕ್ಷ್ಯವನ್ನು ಮನೆಮಂದಿ ಉಂಡುಬಿಟ್ಟರು. ಎರಡನೆಯದು, ಕಣ್ಣಾರೆ ಕಂಡ ಗೆಳೆಯ ಜಾಕ್ ಪೇಜನ ಸಾಕ್ಷ್ಯ ನಮಗೆ ದೊರೆತಿಲ್ಲ. ಕಥೆಯಲ್ಲಿ ಬಂದ ಹಾಗೆಯೇ ಅವನು ಕಥೆಯಿಂದ ಮರೆಯಾಗುತ್ತಾನೆ. ಮೂರನೆಯದು, ಗಾಳಕ್ಕೆ ಕಟ್ಟಿದ್ದ ಹುಸಿಮೀನು ಯಾವ ಮಾದರಿಯದೆಂಬುದರಲ್ಲಿ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ನಾಲ್ಕನೆಯದು, ಆ ರಾಜ್ಯದಲ್ಲಿ ಅಂದಿನಿಂದ ಇಂದಿನವರೆಗೆ ಲಕ್ಷಾಂತರ ಜನ ಗಾಳ ಹಾಕಿದ್ದಾರೆ. ಆ ತೂಕದ ಹತ್ತಿರಕ್ಕೂ ಇನ್ನೊಂದು ಮೀನು ಬಂದಿಲ್ಲ. ಐದನೆಯದು, ಎರಡೇ ವರ್ಷಗಳ ಮೇಲೆ, 1934ರಲ್ಲಿ, ಇದೇ ಪೆರಿ 13 ಪೌಂಡು 14 ಔನ್ಸಿನ ಮೀನು ಕಳುಹಿಸಿ ಅದೇ ಪತ್ರಿಕೆಯ ಸ್ಪರ್ಧೆಯನ್ನು ಮತ್ತೆ ಗೆದ್ದನು. ಅದೃಷ್ಟ ಒಬ್ಬನ ಮನೆಗೆ ಎರಡು ಸಲ ಬರುವುದುಂಟೆ ಎಂದು ಪ್ರಶ್ನೆ.

ಆರನೆಯದು ಇವೆಲ್ಲಕ್ಕಿಂತ ಗಟ್ಟಿಯಾದದ್ದು, ಅದು ಲೆಕ್ಕದ್ದು. ತಕ್ಕಡಿ ಕೈಯಲ್ಲಿ ಇಲ್ಲದಾಗ ಮೀನಿನ ತೂಕವನ್ನು ಅಂದಾಜು ಮಾಡಲು ಗಾಳಗಾರರಲ್ಲಿ ಒಂದು ಸೂತ್ರ ಬಳಕೆಯಲ್ಲಿದೆ. ಸುತ್ತಳತೆಯ ಅಂಗುಲಗಳನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದ ಅಂಗುಲಗಳಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡುಗಳು ಬರುತ್ತವೆ. ಪೆರಿಯ ಮೀನಿನ ಅಳತೆಗಳನ್ನು ಈ ಸೂತ್ರಕ್ಕೆ ಹಾಕಿ ನೋಡಿ: ಸುಮಾರು 33 ಪೌಂಡು! ತೂಗಿದಾಗ ಬಂದದ್ದು 22 ಚಿಲ್ಲರೆ. ಹನ್ನೊಂದು ಪೌಂಡಿನ ಅಂತರ. ತಿಥಿಗೂ ವಾರಕ್ಕೂ ಹೊಂದದ ಶಾಸನದ ಹಾಗೆ ಇದು. ಫ್ಲೀಟ್ ಸಾಹೇಬರು ಇದ್ದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು.

ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದ ರಾತ್ರಿ ನಾನೂ ಪೆರಿಯ ಪಕ್ಷ ಬಿಟ್ಟೆ ಎಂದು ಒಪ್ಪಿಕೊಳ್ಳಬೇಕು. ಮರುದಿನ ಇನ್ನೊಂದು ವಿಚಾರ ಹೊಳೆಯಿತು. ಆ ಸೂತ್ರ ಸಾಧಾರಣ ಮೈಕಟ್ಟಿನ ಮೀನಿಗಾಗಿ ಹುಟ್ಟಿದ್ದು. ಹೊಟ್ಟೆ ಉಬ್ಬಿದ ಹೆಮ್ಮೀನಿಗೆ ಅದು ಎಷ್ಟು ಸರಿ? ಇದನ್ನು ಒರೆಗೆ ಹಚ್ಚಲು ತೂಕದಲ್ಲಿ ಸಂಶಯವೇ ಇಲ್ಲದ ಒಂದು ಭಾರಿ ಮೀನು ಬೇಕು. ಅಂಥದೊಂದು ಜಪಾನಿನಲ್ಲಿದೆ, ಅದರ ಕಥೆ ಮುಂದೆ ಬರುತ್ತದೆ. ಅದರ ಉದ್ದ 27.2 ಅಂಗುಲ, ಸುತ್ತಳತೆ 26.8 ಅಂಗುಲದ ಹತ್ತಿರ. ಸೂತ್ರ ಹೇಳುವುದು 24 ಪೌಂಡಿಗೂ ಹೆಚ್ಚು. ತಕ್ಕಡಿ ಹೇಳಿದ್ದು 22 ಚಿಲ್ಲರೆ. ಅಲ್ಲಿಯೂ ಸೂತ್ರ ಎರಡು ಪೌಂಡು ಮುಂದೆ ಓಡಿತು. ಇದರಿಂದ ಪೆರಿಯ ಹನ್ನೊಂದು ಪೌಂಡಿನ ಅಂತರ ಪೂರ್ತಿ ಕರಗಲಿಲ್ಲ. ಆದರೆ ತಪ್ಪು ಎಲ್ಲಿರಬಹುದೆಂಬುದು ಕಂಡಿತು. ತಕ್ಕಡಿಯ ಮೇಲೆ ಮೀನನ್ನು ಇಟ್ಟರೆ ಮುಳ್ಳು ತನ್ನ ಪಾಡಿಗೆ ತಾನು ನಿಲ್ಲುತ್ತದೆ. ಜಾರುವ ಮೀನಿನ ಹೊಟ್ಟೆಗೆ ದಾರ ಸುತ್ತಿ ಅಳೆಯುವುದು ಹಾಗಲ್ಲ. ದಾರ ಒಂದೆರಡು ಅಂಗುಲ ಆಚೀಚೆಯಾದರೂ, ಸೂತ್ರದಲ್ಲಿ ಅದನ್ನು ಅದರಿಂದಲೇ ಗುಣಿಸುವುದರಿಂದ, ತಪ್ಪು ಹಲವು ಪೌಂಡುಗಳಾಗಿ ಬೆಳೆಯುತ್ತದೆ. ಇನ್ನೂ ಒಂದು ಮಾತು. ತೂಕವನ್ನು ಕಟ್ಟಿ ಹೇಳುವವನು ಅಳತೆಯನ್ನೂ ತೂಕಕ್ಕೆ ಹೊಂದುವಂತೆ ಕಟ್ಟುತ್ತಾನೆ. ಇಲ್ಲಿಯ ಅಳತೆ ತೂಕಕ್ಕೆ ನೆರವಾಗುವ ಬದಲು ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಿದೆ. ಶಾಸನ ಕೊರೆದವನ ಕೈತಪ್ಪನ್ನು ಮೋಸವೆನ್ನುವ ಮುನ್ನ ಸ್ವಲ್ಪ ತಡೆಯಬೇಕೆಂದು ನಾವು ಹುಡುಗರಿಗೆ ಹೇಳಿಕೊಡುವುದಿಲ್ಲವೆ?

ಇತರ ಆಕ್ಷೇಪಗಳಿಗೂ ಹೀಗೆಯೇ ಎರಡು ಮುಖ. ಎರಡು ಸಲ ಗೆದ್ದದ್ದು ಮೋಸದ ಗುರುತಾಗಬಹುದು. ಅವನು ನಿಜವಾಗಿಯೂ ಗಾಳ ಬಲ್ಲವನೆಂಬುದರ ಗುರುತೂ ಆಗಬಹುದು. ಫೋಟೋ ಇಲ್ಲವೆಂಬುದೂ ಅಷ್ಟೆ: 1932ರ ಬಡ ರೈತನ ಬಳಿ ಕ್ಯಾಮೆರಾ ಇದ್ದಿದ್ದರೆ ಆಶ್ಚರ್ಯಪಡಬೇಕಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಒಂದು ಹಳೆಯ ಚಿತ್ರ ಬೆಳಕಿಗೆ ಬಂತು. ಭಾರಿ ಮೀನೊಂದನ್ನು ಹಿಡಿದುಕೊಂಡ ಗಂಡಸು, ಪಕ್ಕದಲ್ಲಿ ಒಬ್ಬ ಹುಡುಗ. ಇದು ಪೆರಿಯ ಮೀನೇ ಎಂದು ಕೆಲವರು, ಅಲ್ಲ ಎಂದು ಕೆಲವರು. ಫೋಟೋ ಬಂದರೆ ಜಗಳ ಮುಗಿದೀತು ಎನ್ನುತ್ತಿದ್ದವರು ಈಗ ಫೋಟೋದ ಮೇಲೆ ಜಗಳವಾಡತೊಡಗಿದರು.

ಫೋಟೋ ಇದ್ದರೂ ಸಾಲದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಕಥೆಗಳು ನಿದರ್ಶನ. ಬಾಸ್ ಮೀನಿನ ಫ್ಲಾರಿಡಾ ತಳಿ ಉಳಿದವುಗಳಿಗಿಂತ ದೊಡ್ಡದಾಗಿ ಬೆಳೆಯುತ್ತದೆ. 1959ರಲ್ಲಿ ಈ ತಳಿಯನ್ನು ಸಾನ್ ಡಿಯಾಗೋ ನಗರದ ಕುಡಿಯುವ ನೀರಿನ ಕೆರೆಗಳಿಗೆ ತಂದುಬಿಟ್ಟರು. ಬೆಚ್ಚನೆಯ ಹವೆ, ಮೇಲಾಗಿ ಬೇರೆ ಗಾಳಗಾರರ ಸಂತೋಷಕ್ಕೆಂದು ಆ ಕಡೆಯ ಕೆರೆಗಳಿಗೆ ಬಿಡುತ್ತಿದ್ದ ಕೊಬ್ಬಿದ ಟ್ರೌಟ್ ಮರಿಗಳು ಇವುಗಳಿಗೆ ಮೃಷ್ಟಾನ್ನ. ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ದೈತ್ಯ ಮೀನುಗಳು ಕಾಣತೊಡಗಿದವು. 1980ರಲ್ಲಿ ಕಸೀಟಾಸ್ ಸರೋವರದಲ್ಲಿ 21 ಪೌಂಡು 3 ಔನ್ಸಿನದು. 1991ರಲ್ಲಿ ಕಾಸ್ಟೇಕ್ ಸರೋವರದಲ್ಲಿ 22 ಪೌಂಡಿನದು. ಪೆರಿಯ ದಾಖಲೆ ಮುರಿದವನಿಗೆ ಹತ್ತು ಲಕ್ಷ ಡಾಲರ್ ಬಂದೀತು ಎಂಬ ಮಾತು ಹಬ್ಬಿತು. ದುಡ್ಡಿನ ವಾಸನೆ ಬಂದ ಕಡೆ ತಕ್ಕಡಿಯ ನಾಲಗೆ ನೆಟ್ಟಗೆ ನಿಲ್ಲುವುದು ಕಷ್ಟ. 1985ರಲ್ಲಿ ಸಾನ್ ಡಿಯಾಗೋದ ಮಿರಮಾರ್ ಕೆರೆಯಿಂದ 21 ಪೌಂಡು 10 ಔನ್ಸಿನ ಮೀನು ಬಂತು. ಗೋಡೆಗೆ ನಿಲ್ಲಿಸಲೆಂದು ಅದನ್ನು ಸೀಳಿದ ಕುಶಲಿಗೆ ಹೊಟ್ಟೆಯಲ್ಲಿ ಎರಡು ಪೌಂಡಿಗೂ ಮೀರಿದ ಸೀಸದ ತುಂಡು ಸಿಕ್ಕಿತು. ಮುಳುಗುಗಾರರು ಸೊಂಟಕ್ಕೆ ಕಟ್ಟಿಕೊಳ್ಳುವ ಬಗೆಯದು.

ಸೀಸದ ಈ ವಿದ್ಯೆ ಅಲ್ಲಿಗೆ ನಿಲ್ಲಲಿಲ್ಲ. 2022ರ ಸೆಪ್ಟೆಂಬರ್ ತಿಂಗಳಲ್ಲಿ ಈರೀ ಸರೋವರದ ದಡದ ಕ್ಲೀವ್‌ಲ್ಯಾಂಡ್ ನಗರದಲ್ಲಿ ವಾಲೈ ಎಂಬ ಬೇರೆ ಜಾತಿಯ ಮೀನಿನ ಪಂದ್ಯ ನಡೆಯಿತು. ಗೆದ್ದವರ ಮೀನುಗಳನ್ನು ಸಂಶಯದಿಂದ ಅಲ್ಲಿಯೇ ಸೀಳಿದಾಗ ಸೀಸದ ಗುಂಡುಗಳೂ ಬೇರೆ ಮೀನಿನ ಮಾಂಸದ ತುಂಡುಗಳೂ ಉದುರಿದವು. ಇಬ್ಬರು ತಪ್ಪೊಪ್ಪಿಕೊಂಡರು, 2023ರಲ್ಲಿ ನ್ಯಾಯಾಲಯ ಹತ್ತು ಹತ್ತು ದಿನಗಳ ಸೆರೆ ವಿಧಿಸಿತು. ಈ ಸುದ್ದಿ ಓದಿದಾಗ ನನಗೆ ನೆನಪಾದದ್ದು ಪೆರಿಯ ತಾಯಿ. ಅವನ ಮೀನನ್ನು ಪರೀಕ್ಷಿಸಲು ಅಧಿಕಾರಿಗಳಿರಲಿಲ್ಲ, ನಿಜ. ಆದರೆ ಅಡುಗೆಮನೆಯಲ್ಲಿ ಚೂರಿ ಹಿಡಿದ ತಾಯಿಯ ಕೈಯನ್ನು ಅದು ದಾಟಿ ಹೋಗಿತ್ತು. ಆ ಹೊಟ್ಟೆಯಲ್ಲಿ ಸೀಸವಿದ್ದಿದ್ದರೆ ಅದು ಮೊದಲು ಬೀಳುತ್ತಿದ್ದುದು ಆಕೆಯ ಪಾತ್ರೆಗೆ.

ಇನ್ನು 1997. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಊರಿನ ಸ್ಪ್ರಿಂಗ್ ಸರೋವರದಲ್ಲಿ ಒಬ್ಬನು ಭಾರಿ ಬಾಸ್ ಹಿಡಿದನು. ಮನೆಯಿಂದ ಸ್ನಾನದ ಕೋಣೆಯ ತೂಕದ ಯಂತ್ರ ತರಿಸಿ, ಮೀನು ಎತ್ತಿಕೊಂಡು ಒಂದು ಸಲ, ಬರಿಗೈಯಲ್ಲಿ ಒಂದು ಸಲ ನಿಂತು, ಕಳೆದು ನೋಡಿದನು. 24 ಪೌಂಡು! ಫೋಟೋ ತೆಗೆಸಿಕೊಂಡು ಮೀನನ್ನು ನೀರಿಗೆ ಬಿಟ್ಟನು. ಸ್ನಾನದ ಕೋಣೆಯ ತಕ್ಕಡಿಗೆ ಪ್ರಮಾಣವಿಲ್ಲವೆಂದು ಅದು ದಾಖಲೆಯಾಗಲಿಲ್ಲ. ಫೋಟೋದ ವಿಷಯದಲ್ಲಿಯೂ ಒಂದು ಮಾತು: ಮೀನನ್ನು ಎದೆಗೆ ಒತ್ತಿ ಹಿಡಿದರೆ ಒಂದು ಗಾತ್ರ, ತೋಳು ಚಾಚಿ ಕ್ಯಾಮೆರಾದ ಹತ್ತಿರಕ್ಕೆ ಹಿಡಿದರೆ ಇನ್ನೊಂದು ಗಾತ್ರ.

2006ರ ಮಾರ್ಚ್ 20ರಂದು ಎಸ್ಕಾಂಡಿಡೋ ಊರಿನ ಡಿಕ್ಸನ್ ಕೆರೆಯಲ್ಲಿ ಮೂವರು ಗೆಳೆಯರು ಸೇರಿ ಹಿಡಿದ ಮೀನು ಕೈತಕ್ಕಡಿಯಲ್ಲಿ 25 ಪೌಂಡು 1 ಔನ್ಸು ತೂಗಿತು. ಚಿತ್ರವೂ ಇದೆ. ಆದರೆ ಕೊಕ್ಕೆ ಸಿಕ್ಕಿದ್ದು ಬಾಯಿಗಲ್ಲ, ಬೆನ್ನ ಬಳಿಯ ಮೈಗೆ. ಮೀನು ತಾನಾಗಿ ಎರೆ ಕಚ್ಚಿರಬೇಕೆಂಬುದು ಗಾಳದ ಧರ್ಮ. ಒಂದೆರಡು ದಿನಗಳ ಗದ್ದಲದ ನಂತರ ಹಿಡಿದವನು ದಾಖಲೆಗೆ ಅರ್ಜಿ ಹಾಕುವುದಿಲ್ಲವೆಂದನು. ಆ ಮೀನಿಗೆ ಕಿವಿರಿನ ಹೊದಿಕೆಯ ಮೇಲೆ ಒಂದು ಕಪ್ಪು ಚುಕ್ಕೆ ಇತ್ತು. 2003ರಲ್ಲಿ ಅದೇ ಕೆರೆಯಲ್ಲಿ 21 ಪೌಂಡು 11 ಔನ್ಸು ತೂಗಿದ್ದು ಇದೇ ಎಂದು ಅದರಿಂದ ಗುರುತಿಸಿದರು. 2008ರಲ್ಲಿ ಅದು ಸತ್ತು ತೇಲಿತು. ಆಗ 19 ಪೌಂಡು. ಒಂದೇ ಜೀವ, ಬೇರೆ ಬೇರೆ ವರ್ಷ, ಬೇರೆ ಬೇರೆ ತೂಕ. ಮೊಟ್ಟೆ ಹೊತ್ತಾಗ ಒಂದು, ಇಟ್ಟಮೇಲೆ ಒಂದು. ಮೀನಿನ ತೂಕವೆಂಬುದು ಕಲ್ಲಿನ ತೂಕದಂತೆ ನಿಂತ ಸಂಗತಿಯಲ್ಲ. ಅದು ಒಂದು ದಿನದ ಒಂದು ಗಳಿಗೆಯ ಸಂಗತಿ. ಆ ಗಳಿಗೆಯಲ್ಲಿ ಎದುರಿಗೆ ಇದ್ದವರನ್ನು ನಂಬುವುದೋ ಬಿಡುವುದೋ ಎಂಬುದಷ್ಟೇ ಪ್ರಶ್ನೆ.

ಗಮನಿಸಿ. 1932ರಲ್ಲಿ ತಕ್ಕಡಿ ಇತ್ತು, ಚಿತ್ರವಿರಲಿಲ್ಲ. 1997ರಲ್ಲಿ ಚಿತ್ರವಿತ್ತು, ಸರಿಯಾದ ತಕ್ಕಡಿ ಇರಲಿಲ್ಲ. 2006ರಲ್ಲಿ ಎರಡೂ ಇದ್ದವು, ಕೊಕ್ಕೆ ತಪ್ಪಿತು.

ಎಲ್ಲವೂ ಕೂಡಿಬಂದದ್ದು 2009ರ ಜುಲೈ 2ರಂದು, ಜಪಾನಿನ ಅತಿ ದೊಡ್ಡ ಸರೋವರವಾದ ಬೀವಾದಲ್ಲಿ. ಮನಾಬು ಕುರಿತಾ ಎಂಬಾತ ಜೀವಂತ ಬ್ಲೂಗಿಲ್ ಮೀನನ್ನು ಎರೆಯಾಗಿ ಕಟ್ಟಿ ಹಿಡಿದ ಬಾಸ್ 10.12 ಕಿಲೋಗ್ರಾಮು ತೂಗಿತು. ಹಳೆಯ ಲೆಕ್ಕದಲ್ಲಿ 22 ಪೌಂಡು 4.97 ಔನ್ಸು. ಪೆರಿಯದಕ್ಕಿಂತ ಒಂದು ಔನ್ಸಿಗೂ ಕಡಮೆ ಅಂತರದಿಂದ ಹೆಚ್ಚು! ದಾಖಲೆಗಳನ್ನು ಈಗ ನೋಡಿಕೊಳ್ಳುವುದು ಅಂತಾರಾಷ್ಟ್ರೀಯ ಗಾಳ ಮೀನುಗಾರಿಕೆ ಸಂಘ. 1939ರಲ್ಲಿ ಹುಟ್ಟಿದ ಈ ಸಂಘಕ್ಕೆ 'ಫೀಲ್ಡ್ ಅಂಡ್ ಸ್ಟ್ರೀಮ್' ಪತ್ರಿಕೆ ಸಿಹಿನೀರಿನ ಮೀನುಗಳ ದಾಖಲೆಗಳನ್ನು 1978ರಲ್ಲಿ ವಹಿಸಿಕೊಟ್ಟಿತು. ಸಂಘ ಆರು ತಿಂಗಳು ವಿಚಾರಿಸಿತು. ಕುರಿತಾನನ್ನು ಸುಳ್ಳು ಪತ್ತೆ ಹಚ್ಚುವ ಯಂತ್ರಕ್ಕೂ ಕೂರಿಸಿತು. ಆತ ಗೆದ್ದನು. ಆದರೆ ಈ ಗಾತ್ರದ ಮೀನು ಹಳೆಯ ದಾಖಲೆಯನ್ನು ಕನಿಷ್ಠ ಎರಡು ಔನ್ಸಾದರೂ ಮೀರಬೇಕೆಂಬುದು ಸಂಘದ ನಿಯಮ. ಆದುದರಿಂದ 2010ರ ಜನವರಿಯಲ್ಲಿ ಇಬ್ಬರದೂ ಸರಿಸಮವೆಂದು ಘೋಷಿಸಿದರು. ಯಂತ್ರ, ಕ್ಯಾಮೆರಾ, ಸಾಕ್ಷಿ ಎಲ್ಲವೂ ಇದ್ದ ಕುರಿತಾ, ಏನೂ ಇಲ್ಲದ ಪೆರಿಯ ಪಕ್ಕದಲ್ಲಿ ಇಂದಿಗೂ ನಿಂತಿದ್ದಾನೆ.

ಜಪಾನಿನಲ್ಲಿ ಈ ಗೌರವಕ್ಕೆ ಇನ್ನೊಂದು ಮಗ್ಗುಲೂ ಉಂಟು. ಅಮೆರಿಕದ ಬಾಸ್ ಅಲ್ಲಿಗೆ ಬಂದದ್ದು 1925ರಲ್ಲಿ. ಬ್ಲೂಗಿಲ್ 1960ರಲ್ಲಿ, ಅಂದಿನ ಯುವರಾಜ ಅಕಿಹಿತೊಗೆ ಷಿಕಾಗೋ ನಗರಾಧ್ಯಕ್ಷ ಕೊಟ್ಟ ಕಾಣಿಕೆಯಾಗಿ. ಎರಡೂ ನೀರಿನಿಂದ ನೀರಿಗೆ ಹಬ್ಬಿ ನಾಡಿನ ಮೀನುಗಳನ್ನು ತಿಂದುಹಾಕತೊಡಗಿದವು. 2007ರಲ್ಲಿ ಬೀವಾ ಸರೋವರದ ದಡದ ಓತ್ಸು ನಗರದ ಸಭೆಯಲ್ಲಿ ಚಕ್ರವರ್ತಿಯಾಗಿದ್ದ ಅಕಿಹಿತೊ ಆ ಕಾಣಿಕೆ ತಂದುದಕ್ಕಾಗಿ ವ್ಯಥೆಪಟ್ಟು ಮಾತನಾಡಿದರು. ಒಂದು ನಾಡಿನ ಕಿರೀಟ ಇನ್ನೊಂದು ನಾಡಿನ ಪಿಡುಗು.

ಬೀವಾದ ಮೀನು ಪೆರಿಯ ವ್ಯಾಜ್ಯದಲ್ಲಿ ಯಾವ ಸಾಕ್ಷ್ಯ ನುಡಿಯುತ್ತದೆ? ಅಷ್ಟು ದೊಡ್ಡ ಬಾಸ್ ಇರಲಾರದೆಂಬ ವಾದವನ್ನು ಅದು ಮುಗಿಸಿತು. 77 ವರ್ಷಗಳ ನಂತರ, ಸಾಗರದ ಆಚೆ, ಒಂದು ಔನ್ಸಿನ ಒಳಗೆ ಪ್ರಕೃತಿ ಅದೇ ತೂಕವನ್ನು ಮತ್ತೆ ಬರೆದು ತೋರಿಸಿತು. ಆದರೆ ಆಗಬಹುದಾದದ್ದು ಬೇರೆ, ಆದದ್ದು ಬೇರೆ. ಬೀವಾದಲ್ಲಿ ಆಯಿತೆಂದ ಮಾತ್ರಕ್ಕೆ ಜಾರ್ಜಿಯಾದಲ್ಲಿ ಆಯಿತೆಂದು ಸಾಧಿಸಿದಂತಾಗುವುದಿಲ್ಲ. ಕಥೆಯನ್ನು ಕೇಳಲು ಇದ್ದ ಅಡ್ಡಿ ಹೋಯಿತು, ಅಷ್ಟೆ.

ಇದೇ ರೀತಿಯ ಪ್ರಶ್ನೆ ನಮ್ಮ ಕಾವೇರಿಯಲ್ಲಿಯೂ ಇದೆ. ಮಹಶೀರ್ ಎಂದು ಹೊರಗಿನವರೂ ಬಿಳಿಮೀನು ಎಂದು ನಮ್ಮ ಬೆಸ್ತರೂ ಕರೆಯುವ ಮೀನಿನ ದೊಡ್ಡ ತೂಕಗಳು ಬಂದಿರುವುದು ಈ ಹೊಳೆಗಳಿಂದಲೇ. 1919ರಲ್ಲಿ ಕಾವೇರಿಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಹಿಡಿದದ್ದು 119 ಪೌಂಡು. 1946ರಲ್ಲಿ ಮೈಸೂರಿನ ಹೆಸರಾಂತ ವ್ಯಾನ್ ಇಂಗನ್ ಮನೆತನದ ಡಿವೆಟ್ ಎಂಬವರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು. ಒಂದೇ ಪೌಂಡಿನ ಅಂತರ! ಇದನ್ನು ಇಂದು ಮತ್ತೆ ತೂಗುವವರಾರು? ಆ ಜಾತಿಯ ಮೀನು ಈಗ ಅಳಿವಿನ ಅಂಚಿನಲ್ಲಿದೆ. ಅಷ್ಟು ದೊಡ್ಡದು ಒಮ್ಮೆ ಇತ್ತೆಂಬುದಕ್ಕೆ ಆ ಹಳೆಯ ಅಂಕಿಗಳೇ ನಮಗೆ ಉಳಿದ ಆಸ್ತಿ. ಅವನ್ನು ಬೇಟೆಗಾರರ ಬಡಾಯಿ ಎಂದು ಒಟ್ಟಿಗೆ ತಳ್ಳಿದರೆ ಹೊಳೆ ಏನನ್ನು ಕಳೆದುಕೊಂಡಿತೆಂಬ ಲೆಕ್ಕವೂ ಜೊತೆಗೆ ಹೋಗುತ್ತದೆ.

ಕೊನೆಯದಾಗಿ ಒಂದು ಪ್ರಸಂಗ ಹೇಳಬೇಕು. ಬಾಸ್ ಮೀನಿನಲ್ಲಿ ಸ್ಮಾಲ್‌ಮೌತ್ ಎಂಬ ಇನ್ನೊಂದು ಜಾತಿ ಉಂಟು. ಅದರ ದಾಖಲೆ 11 ಪೌಂಡು 15 ಔನ್ಸು. ಟೆನೆಸೀ-ಕೆಂಟಕಿ ಗಡಿಯ ಡೇಲ್ ಹಾಲೋ ಸರೋವರದಲ್ಲಿ 1955ರ ಜುಲೈ 9ರಂದು ಹಿಡಿದದ್ದು. ನಲವತ್ತು ವರ್ಷಗಳ ಮೇಲೆ ಸರ್ಕಾರಿ ಕಡತದಿಂದ ಒಂದು ಪ್ರಮಾಣಪತ್ರ ಹೊರಬಿತ್ತು. ದೋಣಿಕಟ್ಟೆಯ ಕೆಲಸಗಾರನೊಬ್ಬನು 1955ರಲ್ಲಿಯೇ ಬರೆದುಕೊಟ್ಟಿದ್ದು: ಮೀನಿನೊಳಗೆ ಲೋಹದ ತುಂಡುಗಳನ್ನು ತುರುಕಿ ಮೂರು ಪೌಂಡು ಹೆಚ್ಚಿಸಿದವನು ತಾನೇ ಎಂದು. ಮುದ್ರೆ ಇದೆ, ರುಜು ಇದೆ, ತಾರೀಖು ಇದೆ, ಇನ್ನೇನು ಬೇಕು? 1996ರಲ್ಲಿ ದಾಖಲೆ ರದ್ದಾಯಿತು. ಹಿಡಿದವರು ಬದುಕಿದ್ದರು, ಮುದುಕರಾಗಿದ್ದರು. ನಲವತ್ತು ವರ್ಷ ಮರ್ಯಾದೆಯಿಂದ ಬಾಳಿದವರು ಒಂದು ಬೆಳಗ್ಗೆ ಮೋಸಗಾರರೆನಿಸಿಕೊಂಡರು. ಆಮೇಲೆ ನಿಧಾನವಾಗಿ ವಿಚಾರಿಸಿದಾಗ ಸಂಶಯ ಆ ಪ್ರಮಾಣಪತ್ರದ ಮೇಲೆಯೇ ತಿರುಗಿತು; 2005ರಲ್ಲಿ ದಾಖಲೆಯನ್ನು ಅವರಿಗೆ ಮರಳಿಸಿದರು. ನಡುವಣ ಒಂಬತ್ತು ವರ್ಷಗಳನ್ನು ಮರಳಿಸುವ ಸಂಘ ಯಾವುದೂ ಇಲ್ಲ.

ಬರೆದದ್ದೆಲ್ಲ ದಿಟವಲ್ಲ, ಬರೆಯದ್ದೆಲ್ಲ ಸುಳ್ಳಲ್ಲ ಎಂಬುದನ್ನು ಶಾಸನಗಳ ಪಾಠದಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ಅದು ಒಬ್ಬ ಮುದುಕರ ಮಾನದ ಪ್ರಶ್ನೆಯಾಗಬಲ್ಲುದೆಂದು ಮಾತ್ರ ತಿಳಿದಿರಲಿಲ್ಲ. ಸಂಶಯ ವಿದ್ವಾಂಸನ ಹಕ್ಕು, ಸರಿ. ಆದರೆ ಅದಕ್ಕೂ ಸಾಕ್ಷ್ಯ ಬೇಕು. ನಂಬಿಕೆಯ ತಕ್ಕಡಿಗೆ ಹಾಕಿದ ಬೊಟ್ಟನ್ನೇ ಸಂಶಯದ ತಕ್ಕಡಿಗೂ ಹಾಕಬೇಕು. ಫೋಟೋ ಇಲ್ಲವೆಂದು ಅಪನಂಬಿಕೆ ಹುಟ್ಟಬಹುದು. ಫೋಟೋ ಇಲ್ಲವೆಂದ ಮಾತ್ರಕ್ಕೆ ಮೋಸವೆನ್ನಲಾಗದು. ಫೋಟೋ ತೆಗೆಸಿಕೊಳ್ಳಲು ದುಡ್ಡಿಲ್ಲದವರ ಬಾಳೆಲ್ಲ ಹಾಗಾದರೆ ನಡೆಯದೆಯೇ ಹೋದೀತು.

ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ಪೆರಿಯ ಮೀನಿನ ಉದ್ದ ಸುತ್ತಳತೆಗಳನ್ನು ನಾನು ನಂಬುವುದಿಲ್ಲ. ಅವು ತಮ್ಮೊಳಗೇ ಜಗಳವಾಡುತ್ತಿವೆ. ತೂಕವನ್ನು ಮಾತ್ರ ನಂಬುತ್ತೇನೆ. ಏಕೆಂದರೆ ಅದನ್ನು ತೂಗಿದ್ದು ಅವನ ಮನೆಯಲ್ಲಲ್ಲ, ಊರವರ ಎದುರಿಗೆ. ಅದರಿಂದ ಅವನಿಗೆ ಬಂದದ್ದು 75 ಡಾಲರಿನ ಸಾಮಾನು. ಮುಂದಿನ ನಲವತ್ತು ವರ್ಷ ಅವನು ಅದನ್ನು ಮಾರಿ ಬದುಕಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದಾಖಲೆಗಾಗಿ ಮೀನು ಹಿಡಿದವನು ಅದನ್ನು ಹುರಿದು ತಿನ್ನುವುದಿಲ್ಲ. ಹಸಿವಿಗಾಗಿ ಹಿಡಿದವನು ತಿನ್ನುತ್ತಾನೆ. ನಾಳೆ ಬೇರೆ ಸಾಕ್ಷ್ಯ ಬಂದರೆ ಈ ತೀರ್ಮಾನವನ್ನು ತಿದ್ದಿಕೊಳ್ಳಲು ನನಗೆ ಸಂಕೋಚವಿಲ್ಲ.

ಮಾಂಟ್‌ಗೊಮೆರಿ ಸರೋವರದಲ್ಲಿ ಈಗ ಹೂಳು ತುಂಬಿದೆ. ಅಂಥ ಮೀನು ಈಜುವಷ್ಟು ನೀರು ಅಲ್ಲಿಲ್ಲ. ಹತ್ತಿರದ ರಸ್ತೆಯ ಬದಿಯಲ್ಲಿ ಪೆರಿಯ ನೆನಪಿಗೆ ಒಂದು ಫಲಕವಿದೆ. ಅದೂ ಒಂದು ಶಾಸನವೇ. ಸಾವಿರ ವರ್ಷಗಳ ಮೇಲೆ ಯಾವ ಫ್ಲೀಟರು ಅದನ್ನು ಕೂಟವೆನ್ನುತ್ತಾರೋ ಕಾಣೆ.

ಮುಂದಿನ ವಾರ ಗಂಗರ ಪಾಠ ಮುಂದುವರಿಯಬೇಕು. ಆ ಹುಡುಗಿಗೆ ಸರಿಯಾದ ಉತ್ತರವೊಂದನ್ನು ನಾನು ಸಾಲದಿಂದ ಉಳಿಸಿಕೊಂಡಿದ್ದೇನೆ. ಆಕೆಯ ಪ್ರಶ್ನೆಗೆ ಪೌಂಡು ಔನ್ಸುಗಳಲ್ಲಿ ಉತ್ತರವಿಲ್ಲ. ಆದರೆ ಪಾಠಕ್ಕೆ ತಾಮ್ರಪಟವನ್ನು ತೆರೆಯುವ ಮೊದಲು ಈ ಮೀನಿನ ಕಥೆಯನ್ನು ಹೇಳಿ, ನೀನಾದರೆ ಏನು ತೀರ್ಪು ಕೊಡುತ್ತಿದ್ದೆ ಎಂದು ಆಕೆಯನ್ನೇ ಕೇಳಬೇಕೆಂದಿದ್ದೇನೆ.